‘ಪುಟ್’ ಜೊತೆ ಬರುವ ಸಣ್ಣ ಪದಗಳು

ಕೈ ಹಾಕು, ಬಾಯಿ ಹಾಕು, ಕಿವಿಗೆ ಹಾಕು ಎಂದರೆ ಏನೆಂದು ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನ ‘ಪುಟ್’ ಕೂಡ ಅದೇ ಜಾತಿ: ಬೆನ್ನಿಗೆ ಬರುವ ‘ಆನ್’, ‘ಆಫ್’ನಂಥ ಸಣ್ಣ ಪದದಿಂದ ಅರ್ಥ ಬದಲಾಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಇಂಥ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಪಟ್ಟಿಯಿಂದ ಅರ್ಥ ಬರುತ್ತದೆ, ವಾಕ್ಯ ಬರುವುದಿಲ್ಲ.

ಹೆಚ್ಚು ಎಡವುವುದು ‘ಪುಟ್ ಆನ್’ನಲ್ಲಿ. ಬಟ್ಟೆಯ ವಿಷಯದಲ್ಲಿ ಅದು ಉಡುವ, ತೊಡುವ ಕ್ರಿಯೆ ಮಾತ್ರ, ಉಟ್ಟಿರುವ ಸ್ಥಿತಿಯಲ್ಲ. ‘ಶಿ ಈಸ್ ಪುಟಿಂಗ್ ಆನ್ ಎ ಸಾರಿ’ ಎಂದರೆ ಈಗ ನೆರಿಗೆ ಹಿಡಿಯುತ್ತಿದ್ದಾಳೆ ಎಂದರ್ಥ. ಸೀರೆ ಉಟ್ಟು ಮದುವೆ ಊಟಕ್ಕೆ ಕೂತವಳಿಗೆ ‘ವೇರಿಂಗ್’ ಬೇಕು. ಕನ್ನಡದಲ್ಲಿ ‘ಉಡುತ್ತಿದ್ದಾಳೆ’, ‘ಉಟ್ಟಿದ್ದಾಳೆ’ ಎಂದು ಬೇರೆ ಮಾಡಿ ನೋಡಿದರೆ ಗೊಂದಲವಿಲ್ಲ. ‘ಲೈಟ್ ಹಾಕು’ ಎಂಬುದನ್ನು ‘ಪುಟ್ ದ ಲೈಟ್’ ಎಂದು ಬರೆಯುವುದು ಇನ್ನೊಂದು ತಪ್ಪು. ಜೊತೆಗೆ ‘ಆನ್’ ಇರಲೇಬೇಕು. ಮೈ ದಪ್ಪವಾದರೂ ‘ಪುಟ್ ಆನ್ ವೇಟ್’.

‘ಪುಟ್ ಔಟ್’ ನಂದಿಸುವುದಕ್ಕೆ: ದೀಪ, ಒಲೆಯ ಬೆಂಕಿ, ಬೀಡಿ. ಫ್ಯಾನಿಗೂ ಮಿಕ್ಸಿಗೂ ಅದು ಸಲ್ಲದು, ಅಲ್ಲಿ ‘ಟರ್ನ್ ಆಫ್’ ಬಳಸಿ.

‘ಪುಟ್ ಆಫ್’ ಮುಂದೂಡುವುದು. ಆಟಿ ತಿಂಗಳ ಮಳೆಗೆ ಪರೀಕ್ಷೆ ಮುಂದೆ ಹೋದರೆ ‘ದ ಎಕ್ಸಾಮ್ ವಾಸ್ ಪುಟ್ ಆಫ್’. ಇದರ ಬೆನ್ನಿಗೆ ಕ್ರಿಯಾಪದ ಬಂದರೆ ‘ಇಂಗ್’ ರೂಪದಲ್ಲೇ ಇರಬೇಕು: ‘ಪುಟ್ ಆಫ್ ಗೋಯಿಂಗ್’ ಸರಿ, ‘ಪುಟ್ ಆಫ್ ಟು ಗೋ’ ತಪ್ಪು. ಒಣಮೀನಿನ ವಾಸನೆಗೆ ಊಟವೇ ಬೇಡವೆನಿಸಿದರೆ ಅದಕ್ಕೂ ‘ಪುಟ್ ಆಫ್’ ನಡೆಯುತ್ತದೆ.

‘ಪುಟ್ ಅಪ್’ ಬೋರ್ಡು ತೂಗುಹಾಕುವುದಕ್ಕೂ ಮಧೂರಿಗೆ ಬಂದ ನೆಂಟರಿಗೆ ರಾತ್ರಿ ತಂಗಲು ಜಾಗ ಕೊಡುವುದಕ್ಕೂ ಬರುತ್ತದೆ. ಅದಕ್ಕೆ ‘ವಿತ್’ ಸೇರಿತೋ, ಸಹಿಸಿಕೊಳ್ಳುವುದು ಎಂದಾಯಿತು: ಮಂಗಳೂರು ಬಸ್ಸಿನ ನೂಕುನುಗ್ಗಲು, ಅತಿ ಮಾತಾಡುವ ನೆಂಟ, ಎಲ್ಲದಕ್ಕೂ ‘ಪುಟ್ ಅಪ್ ವಿತ್’. ಉಳಿದವು ಸುಲಭ: ‘ಪುಟ್ ಡೌನ್’ ಕೆಳಗಿಡುವುದು, ಬರೆದಿಡುವುದು, ಹೀಯಾಳಿಸುವುದು ಕೂಡ, ‘ಪುಟ್ ಥ್ರೂ’ ಫೋನಿನಲ್ಲಿ ಬೇರೆಯವರಿಗೆ ಸಂಪರ್ಕ ಕೊಡುವುದು.

ಅಂಕ ಕಳೆಯುವುದು ಸಾಮಾನ್ಯವಾಗಿ ‘ಇಟ್’, ‘ದೆಮ್’ ಬಂದಾಗ. ‘ಪುಟ್ ಆನ್ ದ ಶರ್ಟ್’, ‘ಪುಟ್ ದ ಶರ್ಟ್ ಆನ್’ ಎರಡೂ ಸರಿ. ಆದರೆ ಸರ್ವನಾಮ ನಡುವೆಯೇ ಕೂರಬೇಕು: ‘ಪುಟ್ ಇಟ್ ಆನ್’. ‘ಪುಟ್ ಆನ್ ಇಟ್’ ಎಂದು ಬರೆದರೆ ಅಂಗಿ ತೊಡುವ ಅರ್ಥವೇ ಇಲ್ಲ. ‘ಪುಟ್ ಅಪ್ ವಿತ್’ ಮಾತ್ರ ಬೇರ್ಪಡುವುದಿಲ್ಲ, ‘ಪುಟ್ ಅಪ್ ವಿತ್ ಇಟ್’ ಎಂದೇ ಬರೆಯಿರಿ.

ಭೂತಕಾಲದಲ್ಲೂ ರೂಪ ‘ಪುಟ್’ ಎಂದೇ, ‘ಪುಟೆಡ್’ ಎಂಬುದಿಲ್ಲ. ‘ಹಿ ಪುಟ್ ಇಟ್ ಆಫ್’ ಎಂದರೆ ಮುಂದೂಡಿದ, ‘ಹಿ ಪುಟ್ಸ್ ಇಟ್ ಆಫ್’ ಎಂದರೆ ಮುಂದೂಡುತ್ತಾನೆ.