ಅಂಬಾಸಡರ್ ಸದ್ದಿಗೆ ಸೋತು ಕೊಂಡ ಎಂಜಿಬಿ

ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ಹದಿನೈದು ವರ್ಷವಾದ ಮೇಲೆ ನನಗೆ ತೆರೆದ ಮಾಡಿನ ಹಳೆಯ ಕಾರಿನ ಹುಚ್ಚು ಹಿಡಿಯಿತು. ಒಂದೇ ವಾರದಲ್ಲಿ ಎರಡನ್ನು ಓಡಿಸಿ ನೋಡಿದೆ: ಇಟಲಿಯ 1967ರ ಆಲ್ಫಾ ರೋಮಿಯೊ ಡ್ಯುಯೆಟ್ಟೊ, ಬ್ರಿಟನ್ನಿನದೇ ಆದ 1971ರ ಎಂಜಿಬಿ ರೋಡ್‌ಸ್ಟರ್.

ಓಟದ ಮಾತು ಬಂದರೆ ತಕ್ಕಡಿ ಆಲ್ಫಾದ ಕಡೆಗೇ ವಾಲುತ್ತದೆ. 1570 ಸಿಸಿಯ ಅಲ್ಯುಮಿನಿಯಂ ಎಂಜಿನ್, ವಾಲ್ವ್ ತೆರೆಸುವ ಎರಡು ಕ್ಯಾಮ್‌ಶಾಫ್ಟ್, ಐದು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಎಂಜಿಬಿಯ 1798 ಸಿಸಿ ಎಂಜಿನ್ ಬೀಡು ಕಬ್ಬಿಣದ್ದು; ಹಿಂಬದಿಯಲ್ಲಿ ಡ್ರಮ್ ಬ್ರೇಕು, ಲಾರಿಗಿರುವಂಥ ಲೀಫ್ ಸ್ಪ್ರಿಂಗು. ಆಲ್ಫಾ ತಿರುವಿನಲ್ಲಿ ಬಳುಕಿದರೆ ಇದು ಹೆಗಲು ಕೊಟ್ಟು ತಳ್ಳಿಕೊಂಡು ಹೋಗುತ್ತದೆ.

ಸಂಗ್ರಹಯೋಗ್ಯತೆಯಲ್ಲೂ ಅದೇ ಕಥೆ. ಪಿನಿನ್‌ಫರೀನಾ ರೂಪಿಸಿದ, ಬಾಲ ದುಂಡಗಿರುವ 1600 ಡ್ಯುಯೆಟ್ಟೊಗಳು ತಯಾರಾದದ್ದು ಆರು ಸಾವಿರ ಚಿಲ್ಲರೆ. ಎಂಜಿಬಿ, ಮಾಡು ಮುಚ್ಚಿದ ಜಿಟಿ ಮಾದರಿಯೂ ಸೇರಿ, 1962ರಿಂದ 1980ರವರೆಗೆ ಐದು ಲಕ್ಷ ದಾಟಿತು. ಡ್ಯುಯೆಟ್ಟೊಗೆ ಹೇಳಿದ ಬೆಲೆಯಲ್ಲಿ ಎರಡು ಎಂಜಿಬಿ ಬಂದು, ದುರಸ್ತಿಗೂ ಒಂದಿಷ್ಟು ಮಿಗುತ್ತಿತ್ತು.

ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಇಂಥ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಹಾಗಾಗಿ ಕೊಳ್ಳುವವನೇ ಕೆಳಗೆ ಮಲಗಿ ನೋಡಬೇಕು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಡ್ಯುಯೆಟ್ಟೊ ಬಾಗಿಲಿನ ಕೆಳಗಿನ ಪಟ್ಟಿಯುದ್ದಕ್ಕೂ ಎಳೆದೆ. ಹಿಂಚಕ್ರಕ್ಕೆ ಒಂದು ಗೇಣು ಇದೆ ಎನ್ನುವಾಗ ಅದು ಕೈಯಿಂದ ಜಾರಿ ಬಿತ್ತು. ಹೊಳೆಯುವ ಕೆಂಪು ಬಣ್ಣದಡಿ ಯಾರೋ ಪುಣ್ಯಾತ್ಮ ತಗಡಿನ ಬದಲು ಪುಟ್ಟಿ ಮೆತ್ತಿದ್ದ. ಎಂಜಿಬಿಯಲ್ಲೂ ತುಕ್ಕಿತ್ತು, ಆದರೆ ಕಣ್ಣಿಗೆ ಕಾಣುವ ತುಕ್ಕು. ಅದರ ಇಡೀ ಮೈಯನ್ನೇ ಹೊಸದಾಗಿ ತಯಾರಿಸಿ ಮಾರುತ್ತಾರೆ ಎಂಬ ಧೈರ್ಯವೂ ಇತ್ತು.

ನಿಜ ಹೇಳಬೇಕೆಂದರೆ, ಮನಸ್ಸು ಸೋತದ್ದು ಎಂಜಿಬಿಯ ಬಾನೆಟ್ ಎತ್ತಿದಾಗ. ಆ ಟಿಕ್‌ಟಿಕ್ ಸದ್ದು ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಅಂಬಾಸಡರಿನದೇ! ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯದೂ ಬಿ ಸೀರೀಸ್ ಎಂಬ ಒಂದೇ ಮನೆತನದವು. ಟ್ಯಾಪೆಟ್ ಹೊಂದಿಸುವ, ಅಂದರೆ ವಾಲ್ವಿನ ಸಂದು ಸರಿಪಡಿಸುವ, ಒಂಬತ್ತರ ಲೆಕ್ಕವನ್ನು ಚಿಕ್ಕಪ್ಪ ನನಗೆ ಹತ್ತನೆಯ ತರಗತಿಯಲ್ಲೇ ಕಲಿಸಿದ್ದರು: ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸು, ಏಳನೆಯದು ತೆರೆದಾಗ ಎರಡನೆಯದನ್ನು; ಎರಡೂ ಸಂಖ್ಯೆ ಕೂಡಿದರೆ ಯಾವಾಗಲೂ ಒಂಬತ್ತು. ಒಂದು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಸಂದು ಅಳೆಯುವ ಫೀಲರ್ ಗೇಜು ಸಾಕು. ಆಲ್ಫಾದಲ್ಲಿ ಇದೇ ಕೆಲಸಕ್ಕೆ ಕ್ಯಾಮ್‌ಶಾಫ್ಟನ್ನೇ ಬಿಚ್ಚಿ, ಅಳತೆಯ ಬಿಲ್ಲೆಗಳನ್ನು ಬದಲಿಸಬೇಕು.

ಎಂಜಿಬಿ ಮನೆಗೆ ಬಂತು. ಮೊದಲ ಭಾನುವಾರ ಟ್ಯಾಪೆಟ್ ಹೊಂದಿಸಿ, ಎಂಜಿನ್ ಚಾಲೂ ಮಾಡಿ, ಚಿಕ್ಕಪ್ಪನಿಗೆ ವಿಡಿಯೊ ಕರೆ ಮಾಡಿದೆ. ಕಣ್ಣು ಮುಚ್ಚಿ ಕೇಳಿದರು. "ಮೂರನೆಯದು ಇನ್ನೂ ಸಡಿಲವಿದೆ ಕಣೋ" ಎಂದರು.

ಎಂಜಿನ್ ಆರಿಸಿ, ಮತ್ತೆ ಗೇಜು ತೂರಿಸಿ ನೋಡಿದೆ. ಮೂರನೆಯದಲ್ಲ, ನಾಲ್ಕನೆಯದು.