ವಾಂಗಿಬಾತ್ ಬಿಡಿಸಿದ ಹಾಗೆ ಗ್ರೀಕ್ ಊಟದ ಪದ ಬಿಡಿಸಿ

ಬೆಂಗಳೂರಿನ ದರ್ಶಿನಿಗಳ ಬೋರ್ಡಿನಲ್ಲಿ ವಾಂಗಿಬಾತ್, ಟೊಮ್ಯಾಟೊ ಬಾತ್, ಮೆಂತ್ಯ ಬಾತ್ ಓದಿ ಬೆಳೆದವರಿಗೆ ಗ್ರೀಕ್ ಮೆನು ಅರ್ಧ ಬಂದ ಹಾಗೆಯೇ. ಅಲ್ಲಿಯೂ ಯಾವ ಬಗೆಯ ಅಡುಗೆ ಎನ್ನುವುದು ಪದದ ಕೊನೆಯಲ್ಲಿ, ಏನು ಹಾಕಿದ್ದಾರೆ ಎನ್ನುವುದು ಮೊದಲಲ್ಲಿ. ಇಡೀ ಪದ ಉರು ಹೊಡೆಯಬೇಡಿ. 5 ಬಾಲ, 9 ತಲೆ ಕಲಿಯಿರಿ, ಸಾಕು.

ಮೊದಲು ಬರೆಯುವ ಕ್ರಮ. ಗ್ರೀಕಿನಲ್ಲಿ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗುವುದಿಲ್ಲ, ಒತ್ತು, ಅಂದರೆ ಪದದಲ್ಲಿ ಒಂದು ಸ್ವರವನ್ನು ಜೋರಾಗಿ ಹೇಳುವುದು, ತಪ್ಪಿದರೆ ಬದಲಾಗುತ್ತದೆ. ಹಾಗಾಗಿ ಒತ್ತು ಬೀಳುವ ಸ್ವರವನ್ನು ಮಾತ್ರ ದೀರ್ಘ ಬರೆದುಕೊಳ್ಳಿ. ಫಕೇಸ್ ಎಂದರೆ ಬೇಳೆಕಾಳು, ಮಸೂರ. ಫಾಕೆಸ್ ಎಂದರೆ ಇಲಿಬೋನುಗಳು.

ಈಗ ಚೀಟಿ ಬರೆದು ಅಡುಗೆಮನೆಯ ಡಬ್ಬಿಗಳಿಗೇ ಅಂಟಿಸಿ: ಅಲಾತಿ ಉಪ್ಪು, ಜ಼ಾಹರಿ ಸಕ್ಕರೆ, ಪಿಪೇರಿ ಮೆಣಸು, ರೀಜ಼ಿ ಅಕ್ಕಿ, ಲಾದಿ ಎಣ್ಣೆ, ಗಾಲ ಹಾಲು. ಜ಼ಾಹರಿಯ ಬೇರು ನಮ್ಮ ಶರ್ಕರ, ಪಿಪೇರಿಯ ಬೇರು ಪಿಪ್ಪಲಿ. ನೀರಿಗೆ ನೆರೋ. ಇದು ಮಾತ್ರ ಕಾಕತಾಳೀಯ: 'ತಾಜಾ ನೀರು' ಎಂಬ ಹಳೆಯ ಗ್ರೀಕ್ ಮಾತಿನಲ್ಲಿ 'ತಾಜಾ' ಎನ್ನುವ ಪದ ಉಳಿದು ನೆರೋ ಆಗಿದೆ, ಕನ್ನಡದ ನೀರಿಗೂ ಅದಕ್ಕೂ ನಂಟಿಲ್ಲ. ಆದರೂ ನೆನಪಿಡಲು ಇದಕ್ಕಿಂತ ಸುಲಭದ ಪದ ಸಿಗಲಾರದು.

ಇನ್ನು ಬಾಲಗಳು. ರಿಜ಼ೊ ಅಂದರೆ ಬಾತ್: ಪಾಲಕ್ ಸ್ಪನಾಕಿ, ಹಾಗಾಗಿ ಸ್ಪನಕೋರಿಜ಼ೊ ಪಾಲಕ್ ಬಾತ್. ಸಾಮಾನ್ಯವಾಗಿ ಇದಕ್ಕೆ ಸಬ್ಬಸಿಗೆ ಸೊಪ್ಪು ಬೀಳುತ್ತದೆ, ಅದರ ಹೆಸರು ಆನಿಥೊಸ್. ಎಲೆಕೋಸು ಲಾಹನೊ, ಅದರದ್ದು ಲಹನೋರಿಜ಼ೊ. ಪಿತ ಅಂದರೆ ಹಿಟ್ಟಿನ ಹಾಳೆಗಳ ನಡುವೆ ಹೂರಣವಿಟ್ಟು ಬೇಯಿಸಿದ್ದು: ತಿರೀ ಚೀಸ್, ತಿರೋಪಿತ. ಸುಪ ಎಂದರೆ ಸೂಪು. ಈ ಮೂರೂ ಬಾಲಗಳು ಒತ್ತನ್ನು ತಮ್ಮ ಹಿಂದಿನ ಸ್ವರಕ್ಕೆ ಎಳೆಯುತ್ತವೆ. ಸ್ಪನಾಕಿ ಹೋಗಿ ಸ್ಪನಕೋ ಆದದ್ದು ಅದಕ್ಕೇ. ಉಳಿದೆರಡು ಬಾಲಗಳಾದ ಸಲಾತ, ಕೆಫ್ತೇದೆಸ್ ಒತ್ತನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ.

ಸಸ್ಯಾಹಾರಿಗಳು ಎಡವುವುದು ತಲೆಯಲ್ಲಿ. ಕೊತೋಪಿತ ಕೋಳಿಯದು, ಕ್ರೆಅತೋಪಿತ ಮಾಂಸದ್ದು, ಪ್ಸರೋಸುಪ ಮೀನಿನದು. ತರಮೊಸಲಾತ ನೋಡಲು ತಿಳಿಗುಲಾಬಿ ಚಟ್ನಿಯಂತಿದ್ದರೂ ಮೀನಿನ ಮೊಟ್ಟೆಯಿಂದ ಆದದ್ದು; ಮೆಲಿದ್ಜ಼ನೊಸಲಾತ ಸುಟ್ಟ ಬದನೆಕಾಯಿಯ ಗೊಜ್ಜು. ಕೆಫ್ತೇದೆಸ್ ಬರೀ ಒಂದೇ ಪದವಾಗಿದ್ದರೆ ಮಾಂಸದ ಉಂಡೆ, ದೊಮತೊಕೆಫ್ತೇದೆಸ್ ಆದರೆ ಟೊಮ್ಯಾಟೊ ವಡೆ.

'ಹೊರೀಸ್ ಕ್ರೇಅಸ್', ಅಂದರೆ ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಕೋಳಿಸಾರಿನಲ್ಲಿ ಬೇಯಿಸಿದ ಅನ್ನ ಬರಬಹುದು. 'ಈಮೆ ಹೊರ್ತೊಫಾಗೊಸ್' (ನಾನು ಸಸ್ಯಾಹಾರಿ) ಎಂದು ಹೇಳಿ, ಸಾರಿಗೆ ಇರುವ ಪದ ಜ಼ೊಮೋಸ್ ಹಿಡಿದು ಅದನ್ನೂ ಕೇಳಿ. ನಿಸ್ತೀಸಿಮೊ ಎಂದರೆ ವ್ರತದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಸೀಗಡಿ, ಆಕ್ಟೋಪಸ್ ಇರಬಹುದು. ಅದನ್ನು ನಮ್ಮ ಏಕಾದಶಿ ಫಲಾಹಾರ ಅಂದುಕೊಳ್ಳಬೇಡಿ.

ಮೆನು ದೊಡ್ಡಕ್ಷರದಲ್ಲಿದ್ದರೆ ಇಂಗ್ಲಿಷ್ ಕಣ್ಣು ಮೋಸ ಮಾಡುತ್ತದೆ. ಪಿ ಆಕಾರದ್ದು ರ, ಎಚ್ ಆಕಾರದ್ದು ಇ, ಬಿ ಆಕಾರದ್ದು ವ, ಎಕ್ಸ್ ಆಕಾರದ್ದು ಗಂಟಲು ಉಜ್ಜಿ ಬರುವ ಹ. ನೆರೋ ಎಂದು ಬರೆದದ್ದು 'ನೆಪೊ' ಎಂದು ಕಾಣುವುದು ಇದರಿಂದಲೇ.

ಗ್ರೀಕ್ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವಾಗಲೇ ಹೇಳಬೇಕು: ಸಕ್ಕರೆ ಬೇಡವಾದರೆ ಸ್ಕೇತೊಸ್, ಒಂದು ಚಮಚ ಪುಡಿಗೆ ಒಂದು ಚಮಚ ಸಕ್ಕರೆಯಾದರೆ ಮೇತ್ರಿಒಸ್, ಇನ್ನೂ ಸಿಹಿಯಾದರೆ ಗ್ಲಿಕೋಸ್. ಪುಡಿ, ಸಕ್ಕರೆ, ನೀರು ಒಟ್ಟಿಗೇ ಕುದಿಯುತ್ತವೆ. ಇದು ಫಿಲ್ಟರ್ ಕಾಫಿಯಲ್ಲ. ಲೋಟಕ್ಕೆ ಬಂದ ಮೇಲೆ ಸಕ್ಕರೆ ಹಾಕಿ ಕಲಕಿದರೆ ತಳದ ಗಷ್ಟೆಲ್ಲ ಎದ್ದು ಬಾಯಿಗೆ ಬರುತ್ತದೆ.