ಬಾಹ್ಯಾಕಾಶ ಇತಿಹಾಸದ ಉಪನ್ಯಾಸಕ್ಕೆ, ಇಸ್ರೋದ ಯುವಿಕಾ ತರಬೇತಿಗೆ ತಯಾರಿ: ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೆ

ಬಾಹ್ಯಾಕಾಶದ ಇತಿಹಾಸ ಮಾತಾಡಲು ವರ್ಷಕ್ಕೆರಡು ಸಂದರ್ಭ ತಾವಾಗಿಯೇ ಬರುತ್ತವೆ: ಚಂದ್ರಯಾನ-3 ಇಳಿದ ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನ, ಅಕ್ಟೋಬರ್ 4ರಿಂದ 10ರವರೆಗಿನ ವಿಶ್ವ ಬಾಹ್ಯಾಕಾಶ ಸಪ್ತಾಹ. ನಮ್ಮ ಕಡೆ ಎರಡನೆಯದು ಹೆಚ್ಚಾಗಿ ದಸರಾ ರಜೆಯಲ್ಲಿ ಕೊಚ್ಚಿಹೋಗುತ್ತದೆ. ಆಗಸ್ಟನ್ನೇ ನೆಚ್ಚಿಕೊಳ್ಳಿ. ಜುಲೈ ಮೊದಲ ವಾರವೇ ಮುಖ್ಯೋಪಾಧ್ಯಾಯರನ್ನೋ ಪ್ರಾಂಶುಪಾಲರನ್ನೋ ಕಂಡು 20 ನಿಮಿಷ ಕೇಳಿಟ್ಟುಕೊಳ್ಳಿ: 15 ಮಾತಿಗೆ, 5 ಪ್ರಶ್ನೆಗೆ.

‘ಭಾರತದ ಬಾಹ್ಯಾಕಾಶ ಸಾಧನೆ’ ಎಂದು ಹೊರಟರೆ ಹಾಜರಿ ಕೂಗಿದ ಹಾಗಾಗುತ್ತದೆ. ಒಂದೇ ವಸ್ತು ಹಿಡಿಯಿರಿ. ಶ್ರೀರಂಗಪಟ್ಟಣ ಪಕ್ಕದಲ್ಲಿರುವಾಗ ಮೈಸೂರು ರಾಕೆಟ್ ಬಿಟ್ಟು ಬೇರೆ ಹುಡುಕುವುದೇಕೆ? ಮದ್ದು ತುಂಬಿದ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದ ಉದ್ದನೆಯ ಬಿದಿರು, ಇಷ್ಟೇ ಅದರ ರಚನೆ. ರಾಕೆಟ್ ಟಿಪ್ಪು ಕಂಡುಹಿಡಿದದ್ದು ಎನ್ನಬೇಡಿ. ಚೀನಾದಲ್ಲಿ ಶತಮಾನಗಳ ಮೊದಲೇ ಇತ್ತು. ಇಲ್ಲಿಯ ಹೆಚ್ಚುಗಾರಿಕೆ ಕಬ್ಬಿಣದ್ದು. ಕಾಗದದ ಕೊಳವೆ ಸೀಳಿಹೋಗುವಷ್ಟು ಒತ್ತಡವನ್ನು ಅದು ತಾಳಿತು, ಹಾಗಾಗಿ ರಾಕೆಟ್ ದೂರ ಹೋಯಿತು. 1799ರಲ್ಲಿ ಕೋಟೆ ಬಿದ್ದ ಮೇಲೆ ಕೆಲವು ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿಯ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ್ದು ಆ ಬಳಿಕ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನ ಬಾವಿಯೊಂದರಲ್ಲಿ ಇಂಥವು ಸಾವಿರದಷ್ಟು ಸಿಕ್ಕವು.

ಅಲ್ಲಿಂದ ಇಸ್ರೋಗೆ ನೇರ ಗೆರೆ ಎಳೆಯುವುದು ಎಲ್ಲರೂ ಎಡವುವ ಜಾಗ. ಚಪ್ಪಾಳೆ ಬರುತ್ತದೆ, ನಿಜ. ಆದರೆ 1963ರ ನವೆಂಬರ್ 21ರಂದು ಕೇರಳದ ತುಂಬಾ ಉಡಾವಣಾ ಕೇಂದ್ರದಿಂದ ಮೇಲೇರಿದ ಮೊದಲ ರಾಕೆಟ್ ಅಮೆರಿಕದ ನೈಕಿ-ಅಪಾಚೆ.

ತಾರೀಖೂ ಕೈಕೊಡುತ್ತದೆ. ಅಪೊಲೊ 11 ಚಂದ್ರನ ಮೇಲೆ ಇಳಿದದ್ದು 1969ರ ಜುಲೈ 20ರ 20:17ಕ್ಕೆ ಎಂದು ದಾಖಲೆಗಳಲ್ಲಿರುವುದು ಜಾಗತಿಕ ಸಮಯ. 5 ಗಂಟೆ 30 ನಿಮಿಷ ಕೂಡಿಸಿ: ನಮ್ಮಲ್ಲಿ ಆಗ 21ರ ನಸುಕಿನ 1:47. ಎರಡು ಕಡೆ ಎರಡು ದಿನ ಕಂಡರೆ ಮೊದಲು ಇದನ್ನು ನೋಡಿ. ಯಾವ ಸಮಯ ಎಂಬುದನ್ನು ಸ್ಲೈಡ್‌ನಲ್ಲೇ ಬರೆಯಿರಿ.

ಸ್ಲೈಡ್ ಏಳೆಂಟು ಸಾಕು. ‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಚಿಹ್ನೆಯಾಗುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಕೂಡ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಒಂಬತ್ತನೇ ತರಗತಿಯವರಿಗೆ ಇಸ್ರೋದ ಯುವಿಕಾ ಇದೆ. 2019ರಲ್ಲಿ ಶುರುವಾದ, ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ ನಡೆಯುವ ತರಬೇತಿ. ಅರ್ಜಿ ಆನ್‌ಲೈನ್‌ನಲ್ಲಿ, ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ. ಎಂಟನೇ ತರಗತಿಯ ಅಂಕ, ಆನ್‌ಲೈನ್ ರಸಪ್ರಶ್ನೆ, ವಿಜ್ಞಾನ ಮೇಳ, ಒಲಿಂಪಿಯಾಡ್, ಕ್ರೀಡೆ, ಸ್ಕೌಟ್ಸ್, ಎನ್‌ಸಿಸಿ ಎಲ್ಲಕ್ಕೂ ತೂಕವಿದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯವರಿಗೆ ಹೆಚ್ಚುವರಿ ಅಂಕ ಬೇರೆ. ಮಂಡ್ಯ ಜಿಲ್ಲೆಯ ಹಳ್ಳಿ ಮಕ್ಕಳು ಇದನ್ನು ಬಿಟ್ಟುಕೊಡಬಾರದು. ನೋಂದಣಿ ಮಾಡಿ ರಸಪ್ರಶ್ನೆ ಮರೆತರೆ ಆ ಅಂಕ ಹೋಯಿತು. ಅಂಕಪಟ್ಟಿ, ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ, ಮೊಹರನ್ನು ಜನವರಿಯಲ್ಲೇ ಹಾಕಿಸಿ ಸ್ಕ್ಯಾನ್ ಮಾಡಿಡಿ. ಕೊನೇ ದಿನ ಸಹಿಗೆ ಹೋದರೆ ಹೆಡ್‌ಮಾಸ್ಟ್ರು ಮೀಟಿಂಗಿಗೆ ಹೋಗಿರುತ್ತಾರೆ.